ಬಳ್ಳಾರಿ ಬಿಸಿಲು, ಬಿಸಿಆರ್-ಎಬಿಎಲ್ ಸ್ಯಾಂಪಲ್: ನನ್ನ ಅನುಭವ

"ಮೇ ತಿಂಗಳಲ್ಲಿ ಬಳ್ಳಾರಿಯಿಂದ ಬಿಸಿಆರ್-ಎಬಿಎಲ್ ಸ್ಯಾಂಪಲ್ ಕಳಿಸ್ತೀರಾ? ಸುಮ್ನೆ ರೋಗಿ ದುಡ್ಡು ಹಾಳು." ಬೆಂಗಳೂರಿನ ಒಂದು ಲ್ಯಾಬ್‌ನವರು ಫೋನಲ್ಲಿ ಹೇಳಿದ ಮಾತಿದು. ಬಿಸಿಆರ್-ಎಬಿಎಲ್ ಅಂದರೆ ಸಿಎಂಎಲ್ ಎಂಬ ರಕ್ತದ ಕ್ಯಾನ್ಸರ್‌ನ ಜೀನ್. ರಕ್ತದಲ್ಲಿ ಅದರ ಆರ್‌ಎನ್‌ಎ ಎಷ್ಟಿದೆ ಅಂತ ಅಳೆಯುತ್ತಾರೆ, ಬಿಸಿಲಿಗೆ ಆ ಆರ್‌ಎನ್‌ಎ ಬೇಗ ಒಡೆದುಹೋಗುತ್ತದೆ. ಆ ಬೇಸಿಗೆಯಲ್ಲಿ ನಾನು ಕಳಿಸಿದ 20ರಲ್ಲಿ ಎಂಟೋ ಒಂಬತ್ತೋ ಕೆಟ್ಟಿದ್ದವು. ಹೋದ ಬೇಸಿಗೆಯಲ್ಲಿ 25ರ ಹತ್ತಿರ ಕಳಿಸಿದೆ. ಕೆಟ್ಟಿದ್ದು ಒಂದೇ.

ನನ್ನ ನಿದ್ದೆ ಕೆಡಿಸಿದ್ದು ಜೀನ್ಸ್ ಹೊಲಿಯುವ ಒಬ್ಬ ಹೆಣ್ಣುಮಗಳ ರಿಪೋರ್ಟ್. ಸಿಎಂಎಲ್, ಅದಕ್ಕೆ ದಿನಾ ಇಮ್ಯಾಟಿನಿಬ್ ಮಾತ್ರೆ 400 ಎಂಜಿ. ಬಿಸಿಆರ್-ಎಬಿಎಲ್ "ಪತ್ತೆಯಾಗಿಲ್ಲ" ಅಂತ ಬಂದಿತ್ತು. ಮನೆಮಂದಿಯೆಲ್ಲ ಖುಷಿಯಾಗಿದ್ದರು. ಕೆಳಗಿನ ಸಾಲಲ್ಲಿ ಎಬಿಎಲ್ ಕಾಪಿ, ಅಂದರೆ ಸ್ಯಾಂಪಲ್ ಚೆನ್ನಾಗಿದೆಯಾ ಅಂತ ತೋರಿಸುವ ಮಾಮೂಲಿ ಜೀನ್‌ನ ಎಣಿಕೆ, ನೋಡಿದರೆ ಎರಡು ಸಾವಿರವೂ ಇಲ್ಲ. 10,000 ಆದರೂ ಬೇಕು ಅಲ್ವಾ? ಆ ರಿಪೋರ್ಟ್ ನಂಬಿದ್ದರೆ ಗತಿಯೇನು! ಮರುಪರೀಕ್ಷೆಗೆ ಐದಾರು ಸಾವಿರ. ಅರ್ಧ ನಾನೇ ಹಾಕಿದೆ.

ಮೊದಲು ಐಸ್ ಜಾಸ್ತಿ ಹಾಕಿ ನೋಡಿದೆ. ಟ್ಯೂಬ್ ಐಸಿಗೆ ತಾಗಿ ರಕ್ತವೇ ಮಂಜುಗಡ್ಡೆಯಾಗಿ, ಕರಗಿದ ಮೇಲೆ ಬರೀ ಕೆಂಪು ನೀರು. ಆಮೇಲೆ ರಾತ್ರಿ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಹುಡುಗನ ಕೈಲಿ ಕಳಿಸಿದೆ. ಬೆಳಿಗ್ಗೆಯೇ ಮುಟ್ಟಿತು. ಆದರೆ ಶನಿವಾರ ಮುಟ್ಟಿದ ಡಬ್ಬಿ ತೆಗೆದಿದ್ದು ಸೋಮವಾರ. ಒಂದು ಸಲ ಯಾರೋ ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬಲ್ಲಿ ತೆಗೆದು ಕೊಟ್ಟರು. ಹೆಪಾರಿನ್ ಅಡ್ಡ ಬಂದು, ಜೀನ್ ಎಣಿಸುವ ಪಿಸಿಆರ್ ಪರೀಕ್ಷೆ ಏಳಲೇ ಇಲ್ಲ.

ಕೊನೆಗೆ ರಕ್ತ ಕಳಿಸೋದನ್ನೇ ಬಿಟ್ಟೆ. ಹೆಪ್ಪುಗಟ್ಟದ ಹಾಗೆ ಇಡಿಟಿಎ ಟ್ಯೂಬಲ್ಲಿ ತೆಗೆದ ರಕ್ತ ಬಂದ ಎರಡು ಗಂಟೆಯೊಳಗೆ ಕೆಂಪುಕಣ ಒಡೆದು, ಬಿಳಿಕಣ ತೊಳೆದು, ಇಲ್ಲೇ ಟ್ರೈಜಾಲ್‌ಗೆ, ಅಂದರೆ ಆರ್‌ಎನ್‌ಎ ಕೆಡದಂತೆ ಕಾಪಾಡುವ ದ್ರವಕ್ಕೆ, ಹಾಕುತ್ತೇನೆ. ತಳದಲ್ಲಿ ಅನ್ನದ ಗಂಜಿಯ ಕೆನೆಯಂಥ ಬಿಳಿ ಚುಕ್ಕೆ ಕೂರಬೇಕು. ಗುಲಾಬಿ ಕಂಡರೆ ಇನ್ನೊಮ್ಮೆ ಒಡೆಯಿರಿ. ಟ್ರೈಜಾಲ್ ಹಾಕಿದಾಗ ಲೋಳೆ ಲೋಳೆಯಾಗಿ ಎಳೆ ಬರುತ್ತದೆ. ಸಿರಿಂಜ್ ಸೂಜಿಯಲ್ಲಿ ಎಳೆದು ಬಿಟ್ಟು ಮಾಡಿ, ಎಳೆ ಪೂರ್ತಿ ಹೋಗೋ ತನಕ. ನನಗೆ ಸೋಲು ಕೊಡುತ್ತಿದ್ದುದು ಇದೇ ಹಂತ. ಎಷ್ಟು ರಕ್ತಕ್ಕೆ ಎಷ್ಟು ಟ್ರೈಜಾಲ್ ಅನ್ನೋದು ಬಿಳಿಕಣದ ಲೆಕ್ಕದ ಮೇಲೆ. ಆ ಪಟ್ಟಿ ನಾಲ್ಕು ವರ್ಷದ ದುಡಿಮೆ, ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಟ್ರೈಜಾಲ್‌ನಲ್ಲಿ ಚರ್ಮ ಸುಡುವ ಫೀನಾಲ್ ಇರೋದರಿಂದ ಎರಡು ಸೀಲ್ ಹಾಕಿ, ಕೊರಿಯರ್‌ನವರಿಗೆ ಹೇಳಿಯೇ ಕಳಿಸಬೇಕು.

ಖರ್ಚು? ನಾನು ತಗೊಂಡಾಗ ಟ್ರೈಜಾಲ್ 100 ಎಂಎಲ್ ಬಾಟಲಿಗೆ 15 ಸಾವಿರದ ಆಸುಪಾಸು ಇತ್ತು. ಒಂದು ಸ್ಯಾಂಪಲ್‌ಗೆ 400-500 ಬೀಳುತ್ತಿತ್ತು. ಮರುಪರೀಕ್ಷೆಯ ಮುಂದೆ ಅದೆಷ್ಟು ಮಹಾ!

ನಡುವೆ ಇನ್ನೊಂದು ಕೈ ನೋಡಿದೆ. ಫಿಲ್ಟರ್ ಕಾರ್ಡ್ ಮೇಲೆ ರಕ್ತದ ಹನಿ ಒಣಗಿಸಿ, ಮೇ ಬಿಸಿಲಲ್ಲಿ ಹತ್ತು ದಿನ ಟೇಬಲ್ ಮೇಲೇ ಬಿಟ್ಟೆ. ಎಎಲ್‌ಎಲ್ ಎಂಬ ರಕ್ತದ ಕ್ಯಾನ್ಸರ್ ಇರುವ ಮಕ್ಕಳಿಗೆ 6-ಎಂಪಿ ಮಾತ್ರೆಯ ಡೋಸ್ ನಿರ್ಧರಿಸಲು ನೋಡುವ ಎನ್‌ಯುಡಿಟಿ15 ಜೀನ್ ಅದರಲ್ಲಿ ಚೆನ್ನಾಗಿ ಓದಲು ಬಂತು. ಡಿಎನ್‌ಎ ಗಟ್ಟಿ ಜೀವ, ಆರ್‌ಎನ್‌ಎ ಹಾಗಲ್ಲ. ನಮ್ಮ ಕಡೆಯ ಮಕ್ಕಳಲ್ಲಿ ಟಿಪಿಎಂಟಿ ಎಂಬ ಇನ್ನೊಂದು ಜೀನ್‌ಗಿಂತ ಎನ್‌ಯುಡಿಟಿ15 ಅನ್ನೇ ಮುಖ್ಯವಾಗಿ ನೋಡಬೇಕು, ಇದರಲ್ಲಿ ದೋಷವಿದ್ದು ಪೂರ್ತಿ ಡೋಸ್ ಕೊಟ್ಟರೆ ಬಿಳಿಕಣದ ಕೌಂಟ್ ಪಾತಾಳಕ್ಕೆ ಇಳಿಯುತ್ತದೆ. ಅದೇ ಕಾರ್ಡಲ್ಲಿ ಬಿಸಿಆರ್-ಎಬಿಎಲ್ ಹೊಸ ರೋಗಿಯಲ್ಲಿ ಸಿಕ್ಕಿತು, ಮಾತ್ರೆ ತಿನ್ನುತ್ತಿದ್ದವರಲ್ಲಿ ಸಿಗಲಿಲ್ಲ. ಬಿಟ್ಟೆ.

ಜೀನ್ಸ್ ಹೊಲಿಯುವ ಆ ಹೆಣ್ಣುಮಗಳ ಮರುಪರೀಕ್ಷೆಯಲ್ಲಿ ಬಿಸಿಆರ್-ಎಬಿಎಲ್ ಶೇ. 0.8 ಬಂತು, ಅಂದರೆ ರೋಗ ಇನ್ನೂ ಇತ್ತು. ಡಾಕ್ಟರ್ ಕೂರಿಸಿಕೊಂಡು ಕೇಳಿದಾಗ, ವಾಂತಿ ಬರುತ್ತೆ ಅಂತ ದಿನ ಬಿಟ್ಟು ದಿನ ಮಾತ್ರೆ ನುಂಗುತ್ತಿದ್ದಳು ಅಂತ ಗೊತ್ತಾಯಿತು. ಊಟದ ಜೊತೆ, ದೊಡ್ಡ ಲೋಟ ನೀರಲ್ಲಿ ದಿನಾ ತಗೊಳ್ಳೋಕೆ ಶುರು ಮಾಡಿದಳು. ಆರು ತಿಂಗಳಿಗೆ ಶೇ. 0.06ಕ್ಕೆ ಇಳಿಯಿತು. ಎಬಿಎಲ್ ಕಾಪಿ 40 ಸಾವಿರದ ಮೇಲೆ. ಕಳಿಸಿದ್ದು ಮೇ ತಿಂಗಳಲ್ಲೇ.