ಬೀಟ್‌ರೂಟ್ ಬಣ್ಣ ಬಿಟ್ಟಾಗ

ಮರಳಿಗಿಂತ ಜೇಡಿಮಣ್ಣಿನಲ್ಲಿ ಖಾಲಿ ಜಾಗ ಜಾಸ್ತಿ. ಇದನ್ನು ಮೊದಲು ಓದಿದಾಗ ನಾನು ನಂಬಲಿಲ್ಲ. ಖಾಲಿ ಜಾಗ ಇದ್ದ ಮೇಲೆ ನೀರು ಸಲೀಸಾಗಿ ಇಳಿಯಬೇಕು, ಅಲ್ವಾ? ನೋಡಿಯೇ ಬಿಡೋಣ ಅಂತ ಎರಡು ಪ್ಲಾಸ್ಟಿಕ್ ಬಾಟಲಿಗಳ ತಳ ಕತ್ತರಿಸಿ, ಬಾಯಿಗೆ ಬಟ್ಟೆ ಕಟ್ಟಿ, ತಲೆಕೆಳಗಾಗಿ ನಿಲ್ಲಿಸಿದೆ. ಒಂದರಲ್ಲಿ ಮರಳು, ಇನ್ನೊಂದರಲ್ಲಿ ಜೇಡಿಮಣ್ಣು.

ಮೊದಲ ಸಲ ಜೇಡಿಮಣ್ಣೇ ಗೆದ್ದಿತು! ನೀರು ಸರ್ರನೆ ಇಳಿದು ಹೋಯಿತು. ಆಮೇಲೆ ಬಗ್ಗಿ ನೋಡಿದರೆ, ಮಣ್ಣು ಒಣಗಿ ಬಾಟಲಿಯ ಗೋಡೆ ಬಿಟ್ಟಿತ್ತು. ನೀರು ಮಣ್ಣಿನೊಳಗೆ ಹೋಗಿರಲೇ ಇಲ್ಲ, ಪಕ್ಕದ ಸಂದಿಯಲ್ಲಿ ಜಾರಿತ್ತು. ಮಣ್ಣನ್ನು ಚೆನ್ನಾಗಿ ನಾದಿ, ಹಸಿಯಾಗಿಯೇ ಅಂಚಿನವರೆಗೆ ಒತ್ತಿ ಮತ್ತೆ ಮಾಡಿದೆ. ಈ ಸಲ ಮರಳಿನ ಬಾಟಲಿ ನೋಡನೋಡುತ್ತ ಖಾಲಿಯಾಯಿತು. ಜೇಡಿಮಣ್ಣಿನ ಮೇಲೆ ಸುರಿದ ನೀರು ಮರುದಿನ ಬೆಳಗ್ಗೆಯೂ ಹಾಗೇ ನಿಂತಿತ್ತು.

ಜೇಡಿಮಣ್ಣಿನ ಕಣಗಳು 2 ಮೈಕ್ರೊಮೀಟರ್‌ಗಿಂತ ಸಣ್ಣವು. ಅವುಗಳ ನಡುವಿನ ಸಂದಿಗಳು ಲೆಕ್ಕವಿಲ್ಲದಷ್ಟು, ಆದರೆ ಒಂದೊಂದೂ ಎಷ್ಟು ಕಿರಿದು ಅಂದರೆ ನೀರು ಗೋಡೆಗೆ ಅಂಟಿಕೊಂಡೇ ಉಳಿಯುತ್ತದೆ. ಜ್ವಾಲಾಮುಖಿಯಿಂದ ಬರುವ ಪ್ಯೂಮಿಸ್ ಕಲ್ಲಿನದು ಇನ್ನೊಂದು ಕಥೆ. ಮೈಯೆಲ್ಲ ತೂತು, ಆದರೂ ತೇಲುತ್ತದೆ. ಅದರ ಎಷ್ಟೋ ತೂತುಗಳು ಒಂದಕ್ಕೊಂದು ಕೂಡಿಕೊಂಡಿರುವುದಿಲ್ಲ. ಫ್ರಾನ್ಸಿನ ಎಂಜಿನಿಯರ್ ಹೆನ್ರಿ ಡಾರ್ಸಿ ಮರಳಿನ ಕೊಳವೆಯಲ್ಲಿ ನೀರು ಹರಿಸಿ, ಅದು ಎಷ್ಟು ಬೇಗ ಇಳಿಯುತ್ತದೆ ಎಂಬ ಲೆಕ್ಕ ಬರೆದದ್ದು 1856ರಲ್ಲಿ. ನನ್ನ ಬಾಟಲಿಗಳಿಗಿಂತ ಅವರದ್ದು ಬಹಳ ಅಚ್ಚುಕಟ್ಟು, ಬಿಡಿ.

ಜೀವಕೋಶದ ಪೊರೆಯೂ ಹೀಗೇ ಒಂದು ಸಣ್ಣ ಜರಡಿ ಅಂದುಕೊಂಡು ಬೀಟ್‌ರೂಟ್ ಕೈಗೆತ್ತಿಕೊಂಡೆ. ಒಂದೇ ಅಳತೆಯ ತುಂಡುಗಳನ್ನು 30, 40, 50, 60, 70 ಡಿಗ್ರಿ ನೀರಿನಲ್ಲಿ ಹಾಕಿದೆ. ಎಲ್ಲವೂ ಕೆಂಪಾದವು! 30ರದ್ದೂ ಕೆಂಪು, 70ರದ್ದೂ ಕೆಂಪು. ತಪ್ಪು ನನ್ನದೇ. ಕತ್ತಿ ತಾಗಿ ಒಡೆದ ಕೋಶಗಳ ಬಣ್ಣ ತುಂಡಿನ ಮೈಗೆ ಮೆತ್ತಿಕೊಂಡಿರುತ್ತದೆ. ಅದನ್ನು ತೊಳೆಯದೆ ಹಾಗೇ ಹಾಕಿಬಿಟ್ಟಿದ್ದೆ. ಮಾಡುವವರು ಬೇರೆ ಏನು ಮರೆತರೂ ತೊಳೆಯುವುದನ್ನು ಮರೆಯಬೇಡಿ. ನೀರು ತಿಳಿಯಾಗುವ ತನಕ ತೊಳೆಯಿರಿ.

ಎರಡನೇ ಸಲ 30 ಮತ್ತು 40 ಹೆಚ್ಚುಕಡಿಮೆ ತಿಳಿಯಾಗಿದ್ದವು. 50ರಲ್ಲಿ ತೆಳು ಗುಲಾಬಿ. 60ಕ್ಕೆ ಹೋಗುತ್ತಿದ್ದಂತೆ ಗಾಢ ಕೆಂಪು. ಬಣ್ಣ ಇರುವುದು ಕೋಶದೊಳಗಿನ ರಸದಾನಿಯಲ್ಲಿ, ಅಂದರೆ ರಸ ತುಂಬಿದ ಚೀಲದಲ್ಲಿ. ಹೊರಬರಬೇಕಾದರೆ ರಸದಾನಿಯದೊಂದು, ಕೋಶದ್ದೊಂದು, ಹೀಗೆ ಎರಡು ಪೊರೆ ದಾಟಬೇಕು. ಪೊರೆ ಅಂದರೆ ಕೊಬ್ಬಿನ ಎರಡು ಪದರ, ನಡುನಡುವೆ ಪ್ರೋಟೀನ್. ಬಿಸಿ ಏರಿದರೆ ಕೊಬ್ಬು ಸಡಿಲವಾಗುತ್ತದೆ, ಪ್ರೋಟೀನಿನ ಆಕಾರ ಕೆಡುತ್ತದೆ.

ಜರಡಿ ಎಂಬ ನನ್ನ ಲೆಕ್ಕ ಕೆಟ್ಟದ್ದು ಇದಾದ ಮೇಲೆ, ಅಕ್ವಾಪೊರಿನ್ ಬಗ್ಗೆ ಓದುವಾಗ. ಪೊರೆಯಲ್ಲಿ ನೀರಿಗೆಂದೇ ಇರುವ ಪ್ರೋಟೀನ್ ದಾರಿ ಇದು. ಇದನ್ನು ಗುರುತಿಸಿದ ಪೀಟರ್ ಅಗ್ರೆ ಅವರಿಗೆ 2003ರಲ್ಲಿ ನೊಬೆಲ್ ಬಂತು. ಇದರೊಳಗೆ ಸೆಕೆಂಡಿಗೆ ಕೋಟಿಗಟ್ಟಲೆ ನೀರಿನ ಅಣುಗಳು ನುಗ್ಗುತ್ತವೆ. ಅದೇ ದಾರಿಯಲ್ಲಿ, ನೀರಿಗಿಂತ ಚಿಕ್ಕದಾದ ಹೈಡ್ರೋಜನ್ ಅಯಾನು (ವಿದ್ಯುದಾವೇಶವಿರುವ ಕಣ) ಹೋಗಲಾರದು. ದೊಡ್ಡದು ಒಳಗೆ, ಚಿಕ್ಕದು ಹೊರಗೆ! ಯಾವ ಜರಡಿ ಹೀಗೆ ಸೋಸುತ್ತದೆ?

ಪೊರೆ ನೀರನ್ನು ಬಿಟ್ಟು ಬಣ್ಣವನ್ನು ಮಾತ್ರ ತಡೆಯುತ್ತದೆಯೇ ನೋಡೋಣ ಅಂತ ಇನ್ನೊಂದು ಪ್ರಯೋಗ ಮಾಡಿದೆ. ಒಂದು ತುಂಡನ್ನು ಫ್ರೀಜರ್‌ನಲ್ಲಿಟ್ಟು ಹೊರತೆಗೆದೆ, ಇನ್ನೊಂದನ್ನು ಉಪ್ಪುನೀರಿನಲ್ಲಿ ನೆನೆಹಾಕಿದೆ. ಕೆಲವು ಗಂಟೆಗಳ ಮೇಲೆ ಮುಟ್ಟಿದರೆ ಎರಡೂ ಒಂದೇ ತರಹ ಮೆತ್ತಗೆ, ಬಾಗಿಸಿದರೆ ಬಾಗುತ್ತಿದ್ದವು. ಆದರೆ ಉಪ್ಪುನೀರಿಗೆ ಬಣ್ಣ ಹೆಚ್ಚೇನೂ ಇಳಿದಿರಲಿಲ್ಲ. ಕೋಶದಿಂದ ನೀರು ಮಾತ್ರ ಹೊರಟುಹೋಗಿತ್ತು. ಎರಡನ್ನೂ ಬೇರೆ ಬೇರೆ ಲೋಟದ ಸಾದಾ ನೀರಿಗೆ ಹಾಕಿದೆ. ಫ್ರೀಜರ್ ತುಂಡಿನ ಲೋಟ ಆಗಲೇ ಕೆಂಪಾಯಿತು. ಮಂಜಿನ ಹರಳುಗಳು ಅದರ ಪೊರೆಗಳನ್ನು ಹರಿದುಹಾಕಿದ್ದವು. ಬೆಳಗ್ಗೆ ನೋಡಿದಾಗಲೂ ಅದು ಮೆತ್ತಗೇ ಇತ್ತು. ಉಪ್ಪಿನಲ್ಲಿ ನೆನೆದದ್ದು ಮತ್ತೆ ಗಟ್ಟಿಯಾಗಿತ್ತು, ಮುರಿದರೆ ಟಪ್ ಅಂತ ಮುರಿಯಿತು.