ಹೊಲಕ್ಕೆ ಕಾರ್ಖಾನೆ ನೀರು ನುಗ್ಗಿದರೆ ಯಾವ ಬಾಗಿಲು ತಟ್ಟಬೇಕು?

ರಾತ್ರಿ ಜೋರು ಮಳೆ. ಬೆಳಿಗ್ಗೆ ಹೋಗಿ ನೋಡಿದರೆ ಹಳ್ಳದ ನೀರು ಕಂದು ಬಣ್ಣಕ್ಕೆ ತಿರುಗಿದೆ, ಬದುವಿನಂಚಿಗೆ ನೊರೆ ಕಟ್ಟಿದೆ, ಎರಡು ದಿನದಲ್ಲಿ ರಾಗಿ ಪೈರಿನ ತುದಿ ಸುಟ್ಟಂತಾಗುತ್ತದೆ. ಕೈಗಾರಿಕಾ ಪ್ರದೇಶದ ಪಕ್ಕದ ಊರುಗಳಿಗೆ ಇದು ಹೊಸತಲ್ಲ. ಬೀದರ್‌ನ ಕೊಳಾರ ಕೈಗಾರಿಕಾ ಪ್ರದೇಶದ ಸುತ್ತಮುತ್ತ, ದೊಡ್ಡಬಳ್ಳಾಪುರದ ದೊಡ್ಡತುಮಕೂರು ಕೆರೆಯ ಕೆಳಗೆ, ವೃಷಭಾವತಿ ನೀರು ಬಂದು ಸೇರುವ ಬಿಡದಿ ಬಳಿಯ ಬೈರಮಂಗಲದ ಅಚ್ಚುಕಟ್ಟಿನಲ್ಲಿ ರೈತರು ವರ್ಷಗಳಿಂದ ಹೇಳಿಕೊಂಡು ಬಂದಿರುವ ದೂರೇ ಇದು.

ಇಂಥ ಹೊತ್ತಿನಲ್ಲಿ ಬಹುತೇಕರು ಮಾಡುವ ಮೊದಲ ಕೆಲಸ ತಾಲ್ಲೂಕು ಕಚೇರಿಗೆ ಹೋಗಿ ‘ಬೆಳೆ ಹಾನಿ ಪರಿಹಾರ ಕೊಡಿ’ ಎಂದು ಅರ್ಜಿ ಹಾಕುವುದು. ಅರ್ಜಿ ಅಲ್ಲೇ ಕೊಳೆಯುತ್ತದೆ. ಕಾರಣ ಸರಳ. ಕಂದಾಯ ಇಲಾಖೆ ‘ಪರಿಹಾರ’ ತಂತ್ರಾಂಶದ ಮೂಲಕ ಕೊಡುವ ಹಣ ವಿಪತ್ತು ಪರಿಹಾರ ನಿಧಿಯದು. ಹೆಕ್ಟೇರಿಗೆ ಮಳೆಯಾಶ್ರಿತಕ್ಕೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ ಎಂದು ನಾವೆಲ್ಲ ಓದುವ ದರಗಳು ಬರ, ನೆರೆ, ಆಲಿಕಲ್ಲು, ಕೀಟಬಾಧೆಯಂಥ ಪಟ್ಟಿ ಮಾಡಿದ ವಿಪತ್ತುಗಳಿಗೆ ಮಾತ್ರ. ಆ ಪಟ್ಟಿಯಲ್ಲಿ ಕಾರ್ಖಾನೆಯ ಕೊಳವೆ ಇಲ್ಲ. ಫಸಲ್ ಬಿಮಾ ಕೂಡ ಪ್ರಕೃತಿಯಿಂದಾದ ನಷ್ಟಕ್ಕೇ ಇರುವುದು. ಯಾರೋ ಮಾಡಿದ, ತಡೆಯಬಹುದಾಗಿದ್ದ ಹಾನಿಯನ್ನು ಅದು ಹೊರಗಿಡುತ್ತದೆ.

ಇಲ್ಲಿ ದುಡ್ಡು ಕೊಡಬೇಕಾದವನು ಹಾಳು ಮಾಡಿದವನು. ಸರ್ಕಾರದಿಂದ ನೀವು ಹಕ್ಕಿನಿಂದ ಪಡೆಯಬೇಕಾದದ್ದು ಬೇರೆ: ಮೊಹರು ಹಾಕಿದ ಮಾದರಿ, ಸ್ಥಳ ಮಹಜರು, ತಡೆ ಆದೇಶ, ಬೇಕಾದರೆ ಉಚಿತ ವಕೀಲ. ಈ ನಾಲ್ಕು ಕೈಗೆ ಬಂದರೆ ಪರಿಹಾರದ ಅರ್ಧ ದಾರಿ ಸಾಗಿದಂತೆ.

ಮೊದಲ ದಿನ

ಮಡೆ ಕಟ್ಟಿ. ಮರಳಿನ ಚೀಲ, ಮಣ್ಣು, ಸಿಕ್ಕಿದ್ದರಲ್ಲಿ ನೀರು ಒಳಬರುವ ಬಾಯಿ ಮುಚ್ಚಿ. ಬರಿಗಾಲಲ್ಲಿ ಇಳಿಯಬೇಡಿ, ಗಮ್‌ಬೂಟು ಹಾಕಿಕೊಳ್ಳಿ. ದನಕರು ಆ ಕಡೆ ಹೋಗದಂತೆ ನೋಡಿಕೊಳ್ಳಿ, ಆ ಹೊಲದ ಹಸಿ ಮೇವು ಕೊಯ್ದು ಹಾಕಬೇಡಿ.

ಉಳುಮೆ ಮಾತ್ರ ಮಾಡಲೇಬೇಡಿ. ‘ಮಗುಚಿ ಹಾಕಿದರೆ ವಿಷ ತಿಳಿಯಾಗುತ್ತದೆ’ ಎಂದು ಟ್ರ್ಯಾಕ್ಟರ್ ಬಿಡುವವರಿದ್ದಾರೆ. ಮೇಲಿನ ನಾಲ್ಕು ಬೆರಳು ಮಣ್ಣಿನಲ್ಲಿದ್ದದ್ದು ಒಂದಡಿ ಆಳಕ್ಕೆ ಇಳಿಯುತ್ತದೆ, ಸಾಕ್ಷಿಯೂ ಕಲಸಿಹೋಗುತ್ತದೆ. ಸುಣ್ಣ, ಜಿಪ್ಸಂ ಎರಚುವುದೂ ಮಾದರಿ ತೆಗೆದ ಮೇಲೆಯೇ.

ಫೋಟೊಗಳನ್ನು ಸ್ಥಳ, ದಿನಾಂಕ, ಸಮಯ ಮೂಡುವ ಜಿಪಿಎಸ್ ಕ್ಯಾಮೆರಾ ಆ್ಯಪ್‌ನಲ್ಲಿ ತೆಗೆಯಿರಿ. ಕಾರ್ಖಾನೆಯ ಗೋಡೆ ಅಥವಾ ಕೊಳವೆಯಿಂದ ಹಿಡಿದು ಹಳ್ಳ, ಕಾಲುವೆ, ನಿಮ್ಮ ಬದುವಿನ ತನಕ ಕೊಂಡಿ ತಪ್ಪದಂತೆ ಸಾಲಾಗಿ ಬೇಕು. ಮೂಲ ಫೈಲುಗಳು ಫೋನಿನಲ್ಲೇ ಇರಲಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಪ್ರತಿಯಲ್ಲಿ ಫೈಲಿನೊಳಗಿನ ಸಮಯ, ಸ್ಥಳದ ವಿವರ ಉಳಿಯುವುದಿಲ್ಲ. ನ್ಯಾಯಾಲಯಕ್ಕೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ (ಡಿಜಿಟಲ್ ದಾಖಲೆ ಅಸಲಿ ಎನ್ನುವ ಪತ್ರ) ಬೇಕಾಗುತ್ತದೆ, ಆಗ ಮೂಲ ಫೋನ್ ಕೇಳಬಹುದು.

ಹಸುವೋ ಕುರಿಯೋ ಸತ್ತಿದ್ದರೆ ಹೂಳುವ ಮೊದಲು ಪಶುವೈದ್ಯರನ್ನು ಕರೆಸಿ ಮರಣೋತ್ತರ ಪರೀಕ್ಷೆ ವರದಿ ಬರೆಸಿಕೊಳ್ಳಿ. ಸತ್ತ ಮೀನಿದ್ದರೆ ಐಸ್‌ನಲ್ಲಿಡಿ.

ಮಣ್ಣು ತೆಗೆಯುವುದು ಹೇಗೆ

ಇದರಲ್ಲೇ ಹೆಚ್ಚು ಪ್ರಕರಣಗಳು ಬಿದ್ದುಹೋಗುವುದು. ಗೊಬ್ಬರದ ಲೆಕ್ಕಕ್ಕೆ ಮಣ್ಣು ತೆಗೆಯುವಾಗ ಹೊಲದ ಎಂಟು ಹತ್ತು ಕಡೆಯ ಮಣ್ಣು ಕಲಸಿ ಅರ್ಧ ಕೆ.ಜಿ. ಉಳಿಸುತ್ತೇವೆ. ಇಲ್ಲಿ ಹಾಗೆ ಮಾಡಿದರೆ ಕೆಟ್ಟ ಮಣ್ಣಿಗೆ ಒಳ್ಳೆ ಮಣ್ಣು ಬೆರೆತು ಸಂಖ್ಯೆ ಇಳಿದುಬಿಡುತ್ತದೆ. ನೀರು ಒಳಬಂದ ಬಾಯಿಯ ಬಳಿ ಒಂದು, ಹೊಲದ ನಡುವೆ ಒಂದು, ನೀರು ನಿಂತ ತಗ್ಗಿನಲ್ಲಿ ಒಂದು, ಹೀಗೆ ಬೇರೆ ಬೇರೆ ಚೀಲ ಮಾಡಿ. ಪ್ರತಿ ಜಾಗದಲ್ಲೂ 0–15 ಸೆಂ.ಮೀ. ಆಳದ್ದು ಬೇರೆ, 15–30 ಸೆಂ.ಮೀ. ಆಳದ್ದು ಬೇರೆ. ಎಲ್ಲಕ್ಕಿಂತ ಮುಖ್ಯವಾದದ್ದು ಮೇಲ್ಭಾಗದ, ಆ ನೀರು ಮುಟ್ಟದ, ಅದೇ ಬಗೆಯ ಮಣ್ಣಿನ ಪಕ್ಕದ ಹೊಲದ ಒಂದು ಮಾದರಿ. ಅದಿಲ್ಲದಿದ್ದರೆ ‘ಈ ಸೀಮೆ ಮಣ್ಣಿನ ಗುಣವೇ ಹಾಗೆ’ ಎಂದು ಎದುರು ಪಕ್ಷದ ವಕೀಲರು ಒಂದೇ ಮಾತಿನಲ್ಲಿ ಮುಗಿಸುತ್ತಾರೆ.

ತುಕ್ಕು ಹಿಡಿದ ಸಲಿಕೆ, ಸತು ಲೇಪದ ಬಾಂಡ್ಲಿ ಬೇಡ. ಆ ಲೋಹವೇ ಮಣ್ಣಿಗೆ ಹತ್ತುತ್ತದೆ. ಮರದ ತುಂಡೋ ಸ್ಟೀಲ್ ಕುರ್ಪಿಯೋ ಸಾಕು. ಯೂರಿಯಾ ಚೀಲದಲ್ಲಿ ತುಂಬಬೇಡಿ, ಹೊಸ ಪ್ಲಾಸ್ಟಿಕ್ ಚೀಲವಿರಲಿ. ಲೋಹ ಪರೀಕ್ಷೆಯ ಮಣ್ಣನ್ನು ನೆರಳಲ್ಲಿ ಒಣಗಿಸಬಹುದು. ಆದರೆ ಪೇಂಟು, ಥಿನ್ನರ್, ಡೀಸೆಲ್‌ನಂಥ ವಾಸನೆ ಇದ್ದರೆ ಒಣಗಿಸಬಾರದು. ಗಾಜಿನ ಬಾಟಲಿಗೆ ಒತ್ತಿ ತುಂಬಿ, ಮುಚ್ಚಳ ಬಿಗಿದು, ಐಸ್‌ಬಾಕ್ಸ್‌ನಲ್ಲಿಟ್ಟು ಅದೇ ದಿನ ಲ್ಯಾಬ್ ಮುಟ್ಟಿಸಿ.

ನೀರಿನದೂ ಹೀಗೇ. ಬೋರ್‌ವೆಲ್ ಆದರೆ ಪಂಪ್ ಹತ್ತು ನಿಮಿಷ ಓಡಿಸಿ ಆಮೇಲೆ ಹಿಡಿಯಬೇಕು. ಕೊಳವೆಯಲ್ಲಿ ನಿಂತ ನೀರು ಲೆಕ್ಕಕ್ಕಿಲ್ಲ. ಲೋಹ ಪರೀಕ್ಷೆಯ ಬಾಟಲಿಯನ್ನು ಲ್ಯಾಬಿನವರೇ ನೈಟ್ರಿಕ್ ಆಮ್ಲ ಹಾಕಿ ಕೊಡುತ್ತಾರೆ, ಅದನ್ನು ತೊಳೆಯಬಾರದು. ಉಳಿದ ಪ್ಲಾಸ್ಟಿಕ್ ಬಾಟಲಿಗಳನ್ನು ಅದೇ ನೀರಿನಲ್ಲಿ ಮೂರು ಸಲ ಕಲಕಿ ತುಂಬಿ. ಎಣ್ಣೆ, ಜಿಡ್ಡಿಗೆ ಗಾಜಿನ ಬಾಟಲಿಯೇ ಆಗಬೇಕು.

ಇನ್ನು ಲ್ಯಾಬ್. ರೈತ ಸಂಪರ್ಕ ಕೇಂದ್ರದ ಮೂಲಕ ಬರುವ ಮಣ್ಣು ಆರೋಗ್ಯ ಚೀಟಿ 12 ಅಂಶ ಹೇಳುತ್ತದೆ: ಸಾರಜನಕ, ರಂಜಕ, ಪೊಟ್ಯಾಶ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ರಸಸಾರ (ಪಿಎಚ್), ಲವಣಾಂಶ, ಸಾವಯವ ಇಂಗಾಲ. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ನಿಕ್ಕಲ್ ಅದರಲ್ಲಿಲ್ಲ. ಆ ಚೀಟಿಯಲ್ಲಿ ಎಲ್ಲ ಸರಿಯಿದೆ ಎಂದರೆ ಹೊಲ ಸರಿಯಿದೆ ಎಂದಲ್ಲ; ಕಾರ್ಖಾನೆಯವರು ಅದೇ ಚೀಟಿ ಹಿಡಿದು ವಾದಿಸಬಲ್ಲರು. ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬಿನಲ್ಲಿ ‘ಭಾರಲೋಹ’ ಎಂದು ಬರೆದು ಕೇಳಿ. ನೀರಿಗೆ ರಸಸಾರ, ಲವಣಾಂಶ, ಸೋಡಿಯಂ ಅನುಪಾತ, ಬೋರಾನ್, ಸಿಒಡಿ, ಬಿಒಡಿ (ನೀರಿನ ಕೊಳೆ ಎಷ್ಟು ಆಮ್ಲಜನಕ ಹೀರುತ್ತದೆಂಬ ಅಳತೆಗಳು) ಸೇರಿಸಿ. ವರದಿ ಬಂದಾಗ ಹೋಲಿಸಿ ನೋಡಲು ಎರಡು ಅಳತೆ ನೆನಪಿರಲಿ. ನೀರಾವರಿಗೆ ಯೋಗ್ಯವಾದ ‘ಇ’ ವರ್ಗದ ನೀರಿನ ರಸಸಾರ 6ರಿಂದ 8.5, ಲವಣಾಂಶ ಹೆಚ್ಚೆಂದರೆ 2,250 ಮೈಕ್ರೋಮೋ, ಬೋರಾನ್ ಲೀಟರಿಗೆ 2 ಮಿ.ಗ್ರಾಂ. ನೀರಾವರಿಗೆಂದು ಭೂಮಿಗೆ ಬಿಡುವ ತ್ಯಾಜ್ಯ ನೀರಿನಲ್ಲಿ ಬಿಒಡಿ 100, ಎಣ್ಣೆ ಜಿಡ್ಡು 10 ಮಿ.ಗ್ರಾಂ. ದಾಟಬಾರದು.

ಮಂಡಳಿಯ ಮಾದರಿ

ನಿಮ್ಮ ಲ್ಯಾಬ್ ವರದಿ ಎಷ್ಟೇ ಚೆನ್ನಾಗಿದ್ದರೂ ಕಾರ್ಖಾನೆ ಮೇಲೆ ಜಲ ಕಾಯ್ದೆಯಡಿ ಕೇಸು ಹಾಕಲು ಮಾಲಿನ್ಯ ನಿಯಂತ್ರಣ ಮಂಡಳಿ ತೆಗೆದ ಮಾದರಿ ಬೇಕು. 1974ರ ಜಲ ಕಾಯ್ದೆಯ 21ನೇ ಕಲಮಿನ ಪ್ರಕಾರ ಅಧಿಕಾರಿ ಕಾರ್ಖಾನೆಯವರಿಗೆ ಅಲ್ಲೇ ನೋಟಿಸ್ ಕೊಟ್ಟು, ಮಾದರಿಯನ್ನು ಎರಡು ಭಾಗ ಮಾಡಿ, ಮೊಹರು ಹಾಕಿ, ಇಬ್ಬರೂ ಸಹಿ ಹಾಕಬೇಕು. ಸುಮ್ಮನೆ ಬಾಟಲಿಯಲ್ಲಿ ತುಂಬಿಕೊಂಡು ಹೋದರೆ ಅದು ಮೊಕದ್ದಮೆಯಲ್ಲಿ ಸಾಕ್ಷ್ಯವಾಗದು. ಅಧಿಕಾರಿ ಬಂದ ದಿನ ನೀವು ಅಲ್ಲಿರಿ, ‘21ನೇ ಕಲಮಿನಡಿ ತೆಗೆಯುತ್ತಿದ್ದೀರಾ ಸಾರ್?’ ಎಂದು ವಿನಯದಿಂದಲೇ ಕೇಳಿ. ಈ ಒಂದು ಪ್ರಶ್ನೆಗೆ ಕೆಲಸದ ವರಸೆಯೇ ಬದಲಾಗುತ್ತದೆ.

ದೂರು ಹೋಗಬೇಕಾದದ್ದು ಮಂಡಳಿಯ ಜಿಲ್ಲಾ ಪರಿಸರ ಅಧಿಕಾರಿಗೆ, ಲಿಖಿತವಾಗಿ. ಸರ್ವೆ ನಂಬರು, ನೀರು ಕಂಡ ದಿನ ಮತ್ತು ಹೊತ್ತು, ಬಣ್ಣ, ವಾಸನೆ, ಹರಿದುಬಂದ ದಾರಿಯ ಕೈಚಿತ್ರ, ಇಷ್ಟು ಒಂದೇ ಹಾಳೆಯಲ್ಲಿ. ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳದೆ ಹೊರಬರಬೇಡಿ. ರಾಜ್ಯ ಸರ್ಕಾರದ 1902 ಸಹಾಯವಾಣಿಗೂ ದೂರು ದಾಖಲಿಸಿ, ನಂಬರ್ ಬರೆದಿಟ್ಟುಕೊಳ್ಳಿ. ತ್ಯಾಜ್ಯ ರಾತ್ರಿ ಬಿಟ್ಟು ಬೆಳಿಗ್ಗೆ ನಿಲ್ಲಿಸುವ ಊರಿನಲ್ಲಿ ಹಗಲು ಬಂದ ಅಧಿಕಾರಿಗೆ ಏನೂ ಸಿಗುವುದಿಲ್ಲ. ಅಂಥ ಕಡೆ ಒಂದು ವಾರ ಯಾವ ಹೊತ್ತಿಗೆ ನೀರು ಬರುತ್ತದೆಂದು ಪುಸ್ತಕದಲ್ಲಿ ಬರೆದು, ಆ ಹೊತ್ತಿಗೇ ತಪಾಸಣೆಗೆ ಬನ್ನಿ ಎಂದು ಕೋರಿ.

ಜೊತೆಗೆ ಆ ಕಾರ್ಖಾನೆಯ ಸಮ್ಮತಿ ಪತ್ರ, ಅಂದರೆ ಮಂಡಳಿ ಷರತ್ತು ಹಾಕಿ ಕೊಟ್ಟ ಅನುಮತಿ, ನೋಡಬೇಕು. ಸಮ್ಮತಿಗಳ ರಿಜಿಸ್ಟರನ್ನು ಸಂಬಂಧಪಟ್ಟ ಯಾರಾದರೂ ನೋಡಬಹುದೆಂದು ಜಲ ಕಾಯ್ದೆಯ 25ನೇ ಕಲಮೇ ಹೇಳುತ್ತದೆ. ಪ್ರತಿ ಬೇಕಾದರೆ ಮಾಹಿತಿ ಹಕ್ಕಿನ ಅರ್ಜಿ: ಹತ್ತು ರೂಪಾಯಿ ಶುಲ್ಕ, 30 ದಿನ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಉದ್ದ ಬರೆದರೆ ಹಿಂದೆ ಬರುತ್ತದೆ. ಪತ್ರದಲ್ಲಿ ‘ಶೂನ್ಯ ವಿಸರ್ಜನೆ’ ಎಂಬ ಷರತ್ತಿದ್ದರೆ ನಿಮ್ಮ ಕೆಲಸ ಹಗುರ. ಒಂದು ಹನಿಯೂ ಹೊರಬರಕೂಡದ ಕಡೆ ಮಿ.ಗ್ರಾಂ. ಲೆಕ್ಕದ ಜಗಳವೇ ಇಲ್ಲ.

ಕಂದಾಯದವರಿಂದ ಏನು ಬೇಕು

ದುಡ್ಡಲ್ಲ, ಮಹಜರು. ಗ್ರಾಮ ಆಡಳಿತ ಅಧಿಕಾರಿ, ಕಂದಾಯ ನಿರೀಕ್ಷಕರ ಜೊತೆ ಕೃಷಿ ಅಥವಾ ತೋಟಗಾರಿಕೆ ಇಲಾಖೆಯವರೂ ಬಂದು ಜಂಟಿ ಸರ್ವೆ ಮಾಡಬೇಕೆಂದು ತಹಶೀಲ್ದಾರರಿಗೆ ಅರ್ಜಿ ಕೊಡಿ. ಎಷ್ಟು ಗುಂಟೆ ಹಾಳಾಗಿದೆ, ಯಾವ ಬೆಳೆ, ಯಾವ ಹಂತ ಎಂಬುದು ಅದರಲ್ಲಿ ಬರಲಿ. ಅದಕ್ಕೂ ಮುಂಚೆ ಪಹಣಿಯ ಬೆಳೆ ಕಾಲಂ ನೋಡಿಕೊಳ್ಳಿ. ಹೊಲದಲ್ಲಿ ಟೊಮೆಟೊ, ಪಹಣಿಯಲ್ಲಿ ರಾಗಿ ಎಂದಿದ್ದರೆ ಟೊಮೆಟೊ ನಷ್ಟ ಯಾರೂ ಒಪ್ಪುವುದಿಲ್ಲ. ಬೆಳೆ ಸಮೀಕ್ಷೆಯಲ್ಲಿ ತಪ್ಪಿದ್ದರೆ ‘ಬೆಳೆ ದರ್ಶಕ್’ ಆ್ಯಪ್‌ನಲ್ಲಿ ಆಕ್ಷೇಪಣೆ ಹಾಕಿ.

ನೀರು ಇನ್ನೂ ಬರುತ್ತಿದೆ, ಮಂಡಳಿ ಕುಂಟುತ್ತಿದೆ ಎಂದಾದರೆ ಉಪವಿಭಾಗಾಧಿಕಾರಿಯ ಮುಂದೆ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಡಿ (ಹಳೆಯ ಸಿಆರ್‌ಪಿಸಿ 133) ಅರ್ಜಿ ಹಾಕಬಹುದು. ಸಾರ್ವಜನಿಕ ಉಪದ್ರವ ನಿಲ್ಲಿಸಲು ಷರತ್ತುಬದ್ಧ ಆದೇಶ ಕೊಡುವ ಅಧಿಕಾರ ಅವರಿಗಿದೆ. ಈ ದಾರಿ ಹಿಡಿಯುವವರು ಕಡಿಮೆ, ಊರಿಗೆ ಹತ್ತಿರದ್ದು ಮಾತ್ರ ಇದೇ. ರಾಸಾಯನಿಕದ ಟ್ಯಾಂಕರ್ ಉರುಳಿ ಹೊಲಕ್ಕೆ ಹರಿದಿದ್ದರೆ ದಾರಿ ಬೇರೆ: 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆಯಡಿ ಜಿಲ್ಲಾಧಿಕಾರಿಗೇ ಅರ್ಜಿ, ತಪ್ಪು ಯಾರದೆಂದು ನೀವು ಸಾಬೀತು ಮಾಡಬೇಕಿಲ್ಲ. ವರ್ಷಗಟ್ಟಲೆ ನಿಧಾನಕ್ಕೆ ಇಂಗಿದ್ದಕ್ಕೆ ಈ ಕಾಯ್ದೆ ಆಗದು.

ದಂಡ ಬೇರೆ, ಪರಿಹಾರ ಬೇರೆ

‘ಕಾರ್ಖಾನೆಗೆ ಇಷ್ಟು ಲಕ್ಷ ದಂಡ’ ಎಂದು ಪತ್ರಿಕೆಯಲ್ಲಿ ಓದಿ ರೈತರು ಕಾದು ಕೂರುವುದುಂಟು. ಆ ‘ಪರಿಸರ ಪರಿಹಾರ’ದ ಮೊತ್ತ ಮಂಡಳಿಯ ಖಾತೆಗೆ ಹೋಗುತ್ತದೆ, ನಿಮ್ಮ ಖಾತೆಗಲ್ಲ. ನಿಮಗೆ ಬೇಕೆಂದರೆ ನೀವೇ ಕೇಳಬೇಕು, ಕೇಳುವ ಜಾಗ ಚೆನ್ನೈನಲ್ಲಿರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ (ಎನ್‌ಜಿಟಿ) ದಕ್ಷಿಣ ವಲಯ ಪೀಠ. ಅರ್ಜಿಯನ್ನು ಆನ್‌ಲೈನಿನಲ್ಲೂ ಸಲ್ಲಿಸಬಹುದು.

2010ರ ಎನ್‌ಜಿಟಿ ಕಾಯ್ದೆಯಲ್ಲಿ ಎರಡು ಗಡುವುಗಳಿವೆ, ಇವೆರಡನ್ನು ಕಲಸಿಕೊಂಡು ಕೆಟ್ಟವರು ಬಹಳ. ಮಾಲಿನ್ಯ ನಿಲ್ಲಿಸಿ ಎನ್ನುವ ಅರ್ಜಿಗೆ (14ನೇ ಕಲಂ) ಆರು ತಿಂಗಳು. ಪರಿಹಾರ ಮತ್ತು ಭೂಮಿ ಸರಿಪಡಿಸುವಿಕೆಗೆ (15ನೇ ಕಲಂ) ಐದು ವರ್ಷ. ತಕ್ಕ ಕಾರಣವಿದ್ದರೆ ಎರಡಕ್ಕೂ 60 ದಿನ ರಿಯಾಯಿತಿ. ಲೆಕ್ಕ ಶುರುವಾಗುವುದು ದೂರಿನ ಕಾರಣ ಮೊದಲ ಬಾರಿ ಹುಟ್ಟಿದ ದಿನದಿಂದ. ಆದ್ದರಿಂದಲೇ ಮೊದಲ ದೂರಿನ ದಿನಾಂಕಕ್ಕೆ ಅಷ್ಟು ಬೆಲೆ.

ಶುಲ್ಕ ಕೇಳಿದ ಪರಿಹಾರದ ಶೇ 1, ಕನಿಷ್ಠ 1,000 ರೂಪಾಯಿ. ಹತ್ತು ಲಕ್ಷ ಕೇಳಿದರೆ ಹತ್ತು ಸಾವಿರ. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. ವಕೀಲರು ಬೇಕೆಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರು, ಪರಿಶಿಷ್ಟರು, ಕೈಗಾರಿಕಾ ದುರಂತಕ್ಕೆ ಸಿಕ್ಕವರು ಆದಾಯ ಎಷ್ಟೇ ಇರಲಿ ಉಚಿತ ನೆರವಿಗೆ ಅರ್ಹರು. ಪಹಣಿ ಮನೆಯ ಹೆಣ್ಣುಮಕ್ಕಳ ಹೆಸರಿನಲ್ಲಿದ್ದರೆ ಅವರೇ ಅರ್ಜಿದಾರರಾಗಲಿ.

ಮೊತ್ತವನ್ನು ಅಂದಾಜಿನಲ್ಲಿ ಎತ್ತಿ ಹೇಳಬೇಡಿ. ಎಕರೆಗೆ 12 ಕ್ವಿಂಟಲ್ ಬರುತ್ತಿದ್ದ ಹೊಲ 3 ಕ್ವಿಂಟಲ್‌ಗೆ ಇಳಿದಿದ್ದರೆ ನಷ್ಟ 9 ಕ್ವಿಂಟಲ್. ಹಿಂದಿನ ವರ್ಷಗಳ ಎಪಿಎಂಸಿ ಬಿಲ್ಲು, ಡೇರಿ ಪಾಸ್‌ಬುಕ್ಕು ಅದಕ್ಕೆ ಆಧಾರ. ತೆಂಗು, ಅಡಿಕೆ ಮರಕ್ಕೆ ತೋಟಗಾರಿಕೆ ಇಲಾಖೆಯ ಮೌಲ್ಯಮಾಪನ ಪತ್ರ ಪಡೆಯಿರಿ. ಕೊಂಡ ಮೇವು, ತರಿಸಿದ ಟ್ಯಾಂಕರ್ ನೀರು, ಲ್ಯಾಬ್ ಖರ್ಚು ಎಲ್ಲದರ ರಸೀದಿ ಸೇರಿಸಿ.

‘ನಮ್ಮೊಂದರದೇ ಅಲ್ಲ, ಹತ್ತು ಕಾರ್ಖಾನೆ ಇವೆ, ಊರ ಚರಂಡಿಯೂ ಇದೆ’ ಎಂಬ ವಾದ ಬಂದೇ ಬರುತ್ತದೆ, ಬೈರಮಂಗಲದಂಥ ಕಡೆ ಅದು ಸುಳ್ಳೂ ಅಲ್ಲ. ಎನ್‌ಜಿಟಿ ಕಾಯ್ದೆಯ 17ನೇ ಕಲಂ ಇದಕ್ಕೇ ಇರುವುದು: ಯಾರಿಂದ ಎಷ್ಟು ಎಂದು ಬಿಡಿಸಲಾಗದಿದ್ದರೆ ನ್ಯಾಯಮಂಡಳಿ ಹೊಣೆಯನ್ನು ಎಲ್ಲರಿಗೂ ನ್ಯಾಯವಾಗಿ ಹಂಚಬಹುದು. ಸಾಕ್ಷ್ಯ ಕಾಯ್ದೆಯ ಕಟ್ಟುಪಾಡೂ ಅಲ್ಲಿಲ್ಲ, ಹಾಗಾಗಿ ನಿಮ್ಮ ಖಾಸಗಿ ಲ್ಯಾಬ್ ವರದಿ ಅಲ್ಲಿ ಕೆಲಸಕ್ಕೆ ಬರುತ್ತದೆ.

ನಡುವೆ ಕಾರ್ಖಾನೆಯವರು ಊರ ಹಿರಿಯರನ್ನು ಮುಂದಿಟ್ಟುಕೊಂಡು ಬರುತ್ತಾರೆ. ಹಣ ತಗೊಳ್ಳುವುದು ತಪ್ಪಲ್ಲ. ‘ಮುಂದೆ ಯಾವ ತಕರಾರೂ ಇಲ್ಲ’ ಎಂಬ ಸಾಲಿರುವ ಛಾಪಾಕಾಗದಕ್ಕೆ ಓದದೆ ಹೆಬ್ಬೆಟ್ಟು ಒತ್ತುವುದು ತಪ್ಪು. ಪಡೆದದ್ದನ್ನು ನ್ಯಾಯಮಂಡಳಿಗೆ ತಿಳಿಸಲೇಬೇಕು.

ಹಾಳು ಮಾಡಿದವನು ಬಾಗಿಲು ಹಾಕಿ ಹೋಗಿದ್ದರೆ? 2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಕಲುಷಿತ ತಾಣಗಳ ನಿರ್ವಹಣಾ ನಿಯಮ ಹೊರಡಿಸಿದೆ. ಶಂಕಿತ ತಾಣಗಳ ಪಟ್ಟಿಯನ್ನು ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಕೊಡಬೇಕು, ರಾಜ್ಯ ಮಂಡಳಿ 90 ದಿನದಲ್ಲಿ ಪ್ರಾಥಮಿಕ ಪರಿಶೀಲನೆ ಮಾಡಬೇಕು. ಗ್ರಾಮ ಪಂಚಾಯಿತಿ ನಿರ್ಣಯದೊಂದಿಗೆ ‘ನಮ್ಮ ಸರ್ವೆ ನಂಬರುಗಳನ್ನು ಪಟ್ಟಿಗೆ ಸೇರಿಸಿ’ ಎಂದು ಜಿಲ್ಲಾಧಿಕಾರಿಗೆ ಬರೆಯಿರಿ.

ಹೊಲದ ಮಾತು

ಉಪ್ಪು, ಸೋಡಿಯಂ ಹೆಚ್ಚಿದ ಮಣ್ಣಿಗೆ ಜಿಪ್ಸಂ ಕೆಲಸ ಮಾಡುತ್ತದೆ, ಬಸಿಗಾಲುವೆ ಮತ್ತು ಒಳ್ಳೆ ನೀರು ಇದ್ದರೆ ಮಾತ್ರ. ಬಿಟ್ಟುಕೊಂಡ ಸೋಡಿಯಂ ತೊಳೆದು ಹೊರಹೋಗದಿದ್ದರೆ ಜಿಪ್ಸಂ ದುಡ್ಡು ದಂಡ. ಆಮ್ಲ ಹರಿದ ಕಡೆ ಸುಣ್ಣ. ಭಾರಲೋಹ ಇವೆರಡರಿಂದಲೂ ಮಣ್ಣು ಬಿಟ್ಟು ಹೋಗುವುದಿಲ್ಲ. ಅಂಥ ಕಡೆ ಸೊಪ್ಪು, ಗಡ್ಡೆ, ಸಾಸಿವೆ ಬೆಳೆದು ತಿನ್ನಬೇಡಿ, ಎಲೆಗಳು ಕ್ಯಾಡ್ಮಿಯಂ ಬೇಗ ಎಳೆದುಕೊಳ್ಳುತ್ತವೆ. ಹತ್ತಿಯೋ ಮರಮುಟ್ಟೋ ಹಾಕಿ. ಜಿಪ್ಸಂ, ಸುಣ್ಣದ ಪ್ರಮಾಣವನ್ನು ಕೃಷಿ ವಿಜ್ಞಾನ ಕೇಂದ್ರದವರಿಂದ ಪತ್ರದಲ್ಲಿ ಬರೆಸಿಕೊಳ್ಳಿ; ಭೂಮಿ ಸರಿಪಡಿಸುವ ಖರ್ಚಿಗೆ ನ್ಯಾಯಮಂಡಳಿ ಕೇಳುವ ಅಂದಾಜು ಪಟ್ಟಿ ಅದೇ ಆಗುತ್ತದೆ. ಗೊಬ್ಬರ ಹಾಕುವ ಹಿಂದಿನ ದಿನ ಅದೇ ಮೂರು ಜಾಗದಿಂದ ಇನ್ನೊಮ್ಮೆ ಮಣ್ಣು ತೆಗೆದು, ದಿನಾಂಕ ಬರೆದು, ಒಣಗಿಸಿ ಅಟ್ಟದ ಮೇಲಿಡಿ.