ಮಳೆಗಾಲಕ್ಕೊಂದು ಹಳೆಯ ಪಿಎಸ್‌ಪಿ: ಕೊಂಡಿದ್ದು, ಬಿಚ್ಚಿದ್ದು, ಆಡಿದ್ದು

ಹಳೆಯ ವಿಡಿಯೋ ಗೇಮ್ ಆಡಬೇಕು ಅಂದರೆ ಎಲ್ಲರೂ ಹೇಳುವುದು ಒಂದೇ ಮಾತು. ಫೋನಿನಲ್ಲೇ ಎಮ್ಯುಲೇಟರ್ (ಹಳೆಯ ಗೇಮ್ ಯಂತ್ರವನ್ನು ಅನುಕರಿಸುವ ತಂತ್ರಾಂಶ) ಹಾಕಿಕೋ, ಸುಮ್ನೆ ಯಾಕೆ ದುಡ್ಡು ಹಾಳು ಮಾಡ್ತೀಯಾ ಅಂತ. ನಾನೂ ಹಾಕಿಕೊಂಡು ನೋಡಿದೆ. ಆದರೆ ನಮ್ಮ ಕೊಡಗಿನ ನಾಪೋಕ್ಲು ಕಡೆ ಜೂನ್ ಬಂದರೆ ಫೋನಿನ ಚಾರ್ಜ್ ಅನ್ನುವುದು ಇಡೀ ಮನೆಯವರಿಗೆ ಸೇರಿದ್ದು. ಮರ ಬಿದ್ದು ಲೈನ್ ಹರಿದರೆ ಕರೆಂಟ್ ಯಾವಾಗ ಬರುತ್ತದೋ ಯಾರಿಗೂ ಗೊತ್ತಿರುವುದಿಲ್ಲ. ಲೈನ್‌ಮನ್‌ಗೋ ಡಾಕ್ಟರಿಗೋ ಕರೆ ಮಾಡಲು ಉಳಿಸಿದ ಚಾರ್ಜನ್ನು ಗೇಮಿಗೆ ಸುರಿಯಲು ನನಗೆ ಮನಸ್ಸು ಬರಲಿಲ್ಲ. ಗಾಜಿನ ಮೇಲೆ ಬೆರಳಿಟ್ಟು ಮಾರಿಯೋನನ್ನು ಜಿಗಿಸುವುದೂ ಒಗ್ಗಲಿಲ್ಲ. ಟಿವಿ ಗೇಮಿನ ಕ್ಯಾಸೆಟ್ ಊದಿ ಊದಿ ಹಾಕಿ ಬೆಳೆದವರು ನಾವು. ಕೈಗೆ ಬಟನ್ ಸಿಗಬೇಕು.

ಹಾಗಾಗಿ ಸೋನಿಯ ಪಿಎಸ್‌ಪಿ, ಅಂದರೆ ಕೈಯಲ್ಲಿ ಹಿಡಿದು ಆಡುವ ಪ್ಲೇಸ್ಟೇಷನ್ ಪೋರ್ಟಬಲ್, ಹುಡುಕಿದೆ. 2004ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಬಂದ ಯಂತ್ರ ಇದು. ಇವತ್ತಿನ ಲೆಕ್ಕಕ್ಕೆ ಅದರ ಶಕ್ತಿ ಏನೂ ಅಲ್ಲ. 4.3 ಇಂಚಿನ ಪರದೆ, 480×272 ಚುಕ್ಕಿಗಳು, 333 ಮೆಗಾಹರ್ಟ್ಸ್‌ವರೆಗೆ ಓಡುವ ಪ್ರೊಸೆಸರ್, ಅಷ್ಟೇ. ಆದರೆ ನನಗೆ ಬೇಕಾದ ಮೂರು ಗುಣ ಅದರಲ್ಲಿವೆ. ಬ್ಯಾಟರಿಯನ್ನು ಉಗುರಿನಲ್ಲೇ ತೆಗೆದು ಬೇರೆ ಹಾಕಬಹುದು. ನೆಟ್‌ವರ್ಕ್ ಇಲ್ಲದೆ ಪೂರ್ತಿ ಕೆಲಸ ಮಾಡುತ್ತದೆ. ಆಟದ ಮಧ್ಯೆ ಪವರ್ ಸ್ವಿಚ್ಚನ್ನು ಒಮ್ಮೆ ಜಾರಿಸಿದರೆ ನಿದ್ದೆಗೆ ಹೋಗುತ್ತದೆ, ಇನ್ನೊಮ್ಮೆ ಜಾರಿಸಿದರೆ ಬಿಟ್ಟಲ್ಲಿಂದಲೇ ಶುರು. ತೋಟದಲ್ಲಿ ಯಾರೋ ಕೂಗಿದರೆ ಎದ್ದು ಹೋಗಬೇಕಾದ ನನ್ನಂಥವನಿಗೆ ಇದಕ್ಕಿಂತ ಒಳ್ಳೆಯ ಸೌಕರ್ಯ ಇಲ್ಲ.

ಯಾವ ಮಾದರಿ ಅನ್ನುವುದು ಮುಖ್ಯ. ಮೊದಲ 1000 ಮಾದರಿ ಕೈಯಲ್ಲಿ ಗಟ್ಟಿಯಾಗಿ ಕೂರುತ್ತದೆ, ಅದರ 1800 ಎಂಎಎಚ್ ಬ್ಯಾಟರಿಯೂ ದೊಡ್ಡದು. ಆದರೆ ರ‍್ಯಾಮ್ 32 ಎಂಬಿ ಮಾತ್ರ. 2007ರ 2000 ಮತ್ತು 2008ರ 3000 ಮಾದರಿಗಳಲ್ಲಿ 64 ಎಂಬಿ ಇದೆ. ಇದರ ವ್ಯತ್ಯಾಸ ನಿಂಟೆಂಡೊದ ಹಳೆಯ ಗೇಮ್‌ಬಾಯ್ ಅಡ್ವಾನ್ಸ್ ಯಂತ್ರದ ಆಟಗಳನ್ನು ಇದರಲ್ಲಿ ಎಮ್ಯುಲೇಟರ್ ಹಾಕಿ ಆಡುವಾಗ ಗೊತ್ತಾಗುತ್ತದೆ. ಅದರ ದೊಡ್ಡ ಕ್ಯಾಸೆಟ್‌ಗಳು 32 ಎಂಬಿವರೆಗೆ ಇರುತ್ತವೆ. 1000ದಲ್ಲಿ ಅದು ಒಟ್ಟಿಗೆ ರ‍್ಯಾಮಿನಲ್ಲಿ ಹಿಡಿಸುವುದಿಲ್ಲ, ಆಡುತ್ತಿರುವಾಗಲೇ ಕಾರ್ಡಿನಿಂದ ತುಣುಕು ತುಣುಕಾಗಿ ಓದಬೇಕು. 3000ದ ಪರದೆಯ ಬಣ್ಣ ಚೆನ್ನ. ಪಾತ್ರ ವೇಗವಾಗಿ ಓಡಿದಾಗ ಅಡ್ಡ ಗೆರೆಗಳು ಕಾಣುತ್ತವೆ ಅಂತ ಕೆಲವರು ದೂರುತ್ತಾರೆ. ಗಮನವಿಟ್ಟು ನೋಡಿದರೆ ಕಾಣುತ್ತವೆ, ನಿಜ. ನನಗೆ ತೊಂದರೆ ಅನಿಸಲಿಲ್ಲ. 3000 ಅಂತ ತೀರ್ಮಾನಿಸಿದೆ.

ಮೈಸೂರಿನಲ್ಲಿ ಒಬ್ಬ ಹುಡುಗ ಮಾರಲು ಇಟ್ಟಿದ್ದ. ನಾಲ್ಕೂವರೆ ಸಾವಿರ ಹೇಳಿದ. ಹೊರಡುವ ಮೊದಲು ಫೋನಿನಲ್ಲೇ ಕೇಳಿದೆ.

"ಬ್ಯಾಟರಿ ಊದಿದೆಯೇನಪ್ಪಾ?"

"ಇಲ್ಲ ಅಣ್ಣಾ, ಚೆನ್ನಾಗಿದೆ. ಹಿಂದಿನ ಮುಚ್ಚಳ ಹಾಕೋದು ಸ್ವಲ್ಪ ಟೈಟ್, ಅಷ್ಟೇ."

ಮುಚ್ಚಳ ಟೈಟ್ ಅಂದರೆ ಬ್ಯಾಟರಿ ಊದಿದೆ ಅಂತಲೇ. ಹಳೆಯ ಪಿಎಸ್‌ಪಿ ಕೊಳ್ಳುವವರು ಮೊದಲು ನೋಡಬೇಕಾದ್ದು ಇದು. ಲಿಥಿಯಂ ಬ್ಯಾಟರಿ ವಯಸ್ಸಾದಂತೆ ಒಳಗೆ ಗ್ಯಾಸ್ ತುಂಬಿ ಉಬ್ಬುತ್ತದೆ, ಮುಚ್ಚಳವನ್ನು ಒಳಗಿನಿಂದ ತಳ್ಳುತ್ತದೆ. ಅದನ್ನು ಒತ್ತಿ ಕೂರಿಸಬಾರದು, ಚುಚ್ಚಬಾರದು, ಚಾರ್ಜ್ ಮಾಡಬಾರದು. ಬ್ಯಾಟರಿ ಸತ್ತಿದ್ದರೆ ಯಂತ್ರವನ್ನು ಬಿಡಬೇಕಾಗಿಲ್ಲ. ಬೆಲೆಯಲ್ಲಿ ಅದನ್ನು ಕಳೆದುಕೊಳ್ಳಬೇಕು, ಅಷ್ಟೇ. ಬ್ಯಾಟರಿ ತೆಗೆದಿಟ್ಟು ಬರೀ ಚಾರ್ಜರಿನಲ್ಲೇ ಪಿಎಸ್‌ಪಿ ಓಡುತ್ತದೆ. ಹಾಗಾಗಿ ಪರೀಕ್ಷೆ ಮಾಡಲು ಅಡ್ಡಿಯಿಲ್ಲ.

ಹುಡುಗನ ಮನೆಯಲ್ಲಿ ಹಾಗೇ ಓಡಿಸಿ ನೋಡಿದೆ. ಮೊದಲು ಬ್ಯಾಟರಿ ಕೂರುವ ಜಾಗದ ಲೋಹದ ಪಟ್ಟಿಗಳಿಗೆ ಟಾರ್ಚ್ ಹಾಕಿದೆ. ಬಿಳಿ ಅಥವಾ ಹಸಿರು ಪುಡಿ ಕಂಡರೆ ತೇವ ಒಳಗೆ ಹೋಗಿದೆ ಅಂತ ಅರ್ಥ. ಆಮೇಲೆ ಬಟನ್‌ಗಳು. ಎಲ್ಲ ದಿಕ್ಕಿಗೂ ಜಾರುವ ಅನಲಾಗ್ ಗುಂಡಿ ನೋಡಲು ಗೇಮ್ ಬೇಕಾಗಿಲ್ಲ, ಯಂತ್ರದಲ್ಲೇ ಇರುವ ಇಂಟರ್ನೆಟ್ ಬ್ರೌಸರ್ ತೆರೆದರೆ ಸಾಕು. ಅದರ ಬಾಣದ ಗುರುತು ಅನಲಾಗಿನಿಂದ ಚಲಿಸುತ್ತದೆ. ಕೈ ಬಿಟ್ಟರೂ ಬಾಣ ತಾನಾಗಿ ಸರಿಯುತ್ತಿದ್ದರೆ ಒಳಗಿನ ಸಂಪರ್ಕ ಕೊಳೆಯಾಗಿದೆ ಅಥವಾ ಸವೆದಿದೆ. ನನಗೆ ಸಿಕ್ಕಿದ್ದರಲ್ಲಿ ಬಾಣ ಮೆಲ್ಲಗೆ ಎಡಕ್ಕೆ ಹೋಗುತ್ತಿತ್ತು. ಮೈ ಮೇಲಿನ ಗೀರುಗಳನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಫಳಫಳ ಹೊಳೆಯುವ ಯಂತ್ರದೊಳಗೂ ತುಕ್ಕು ಇರಬಹುದು. ಬ್ಯಾಟರಿ ಮತ್ತು ಅನಲಾಗಿನ ಸಲುವಾಗಿ ಸಾವಿರ ಇಳಿಸಿ ಕೊಟ್ಟ.

ಹೊಸ ಬ್ಯಾಟರಿ ಹುಡುಕುವಾಗ ಲೇಬಲ್ ನಂಬಬೇಡಿ. 3000ಕ್ಕೆ ಕಂಪನಿಯದೇ ತೆಳು ಬ್ಯಾಟರಿ 1200 ಎಂಎಎಚ್. ಅದೇ ಅಳತೆಯ ಡಬ್ಬಿಯ ಮೇಲೆ 3600 ಅಂತ ಬರೆದಿದ್ದರೆ ಅದು ಸುಳ್ಳು. ಸೀಲ್ ಒಡೆಯದ ಹಳೆಯ ಅಸಲಿ ಬ್ಯಾಟರಿಯೂ ಬೇಡ. ಡಬ್ಬಿಯಲ್ಲಿದ್ದರೂ ಅದಕ್ಕೆ ವಯಸ್ಸಾಗುತ್ತದೆ. ಈಚೆಗೆ ತಯಾರಾದದ್ದನ್ನು, 1200ರ ಆಸುಪಾಸಿನ ಸಂಖ್ಯೆಯನ್ನೇ ಪ್ರಾಮಾಣಿಕವಾಗಿ ಬರೆದದ್ದನ್ನು ತೆಗೆದುಕೊಂಡೆ. ಚಾರ್ಜಿಗೆ ಯುಎಸ್‌ಬಿಯಿಂದ ಪಿಎಸ್‌ಪಿಯ ದುಂಡು ಪಿನ್ನಿಗೆ ಬರುವ ವೈರ್ ತರಿಸಿದೆ. ಯಂತ್ರ ಓಡುವುದು 5 ವೋಲ್ಟಿನಲ್ಲಿ, ಹಾಗಾಗಿ ಯಾವ ಪವರ್ ಬ್ಯಾಂಕಾದರೂ ನಡೆಯುತ್ತದೆ. ಕರೆಂಟ್ ಇಲ್ಲದ ನಮ್ಮ ಊರಿಗೆ ಆ ಚಿಕ್ಕ ವೈರ್ ದೊಡ್ಡ ಉಪಕಾರ ಮಾಡಿದೆ.

ಬಿಚ್ಚಲು ಸಮಯ ನೋಡಿಕೊಳ್ಳಬೇಕು. ಕಾಫಿ ಕೊಯ್ಲು ಮುಗಿದು, ಹೂ ಮಳೆ ಬರುವ ಮೊದಲು ಸ್ವಲ್ಪ ದಿನ ನಮ್ಮಲ್ಲಿ ಗಾಳಿ ಚೆನ್ನಾಗಿ ಒಣಗಿರುತ್ತದೆ. ಆಗಲೇ ಬಿಚ್ಚಿದೆ. ಮಳೆಗಾಲದಲ್ಲಿ ಬಿಚ್ಚಿ ಮುಚ್ಚಿದರೆ ತೇವವನ್ನೂ ಒಳಗಿಟ್ಟು ಮುಚ್ಚಿದಂತೆ. ಮೊಬೈಲ್ ರಿಪೇರಿಯವರು ಬಳಸುವ ಸಣ್ಣ ಪ್ಲಸ್ (+) ತಲೆಯ ಸ್ಕ್ರೂಡ್ರೈವರ್ ಸಾಕು. ಸ್ಕ್ರೂಗಳು ಹಿಂಭಾಗದಲ್ಲೂ ಇವೆ, ಬ್ಯಾಟರಿ ಕೂರುವ ಗುಂಡಿಯೊಳಗೂ ಇವೆ. ಉದ್ದ ಬೇರೆ ಬೇರೆ ಇರುವುದರಿಂದ ಒಂದು ಹಾಳೆಯಲ್ಲಿ ಯಂತ್ರದ ಚಿತ್ರ ಬರೆದು, ತೆಗೆದ ಜಾಗದಲ್ಲೇ ಒಂದೊಂದನ್ನೂ ಟೇಪಿನಿಂದ ಅಂಟಿಸಿದೆ. ಮುಂದಿನ ಹೊದಿಕೆ ಎತ್ತಿದರೆ ಪರದೆಯ ಕೆಳಗೆ ಸ್ಟಾರ್ಟ್, ಸೆಲೆಕ್ಟ್ ಇರುವ ಪಟ್ಟಿ ಕಾಣುತ್ತದೆ. ಅದಕ್ಕೂ ಪರದೆಗೂ ಕಾಗದದಂಥ ತೆಳು ಪಟ್ಟಿ ಕೇಬಲ್‌ಗಳಿವೆ. ಅವುಗಳನ್ನು ಎಳೆಯಬಾರದು. ಕನೆಕ್ಟರಿನ ಪುಟ್ಟ ಚಿಲಕವನ್ನು ಉಗುರಿನಿಂದ ಎತ್ತಿದರೆ ಕೇಬಲ್ ತಾನೇ ಸಡಿಲವಾಗುತ್ತದೆ. ಇಡೀ ಕೆಲಸದಲ್ಲಿ ಉಸಿರು ಬಿಗಿ ಹಿಡಿಯಬೇಕಾದ ಜಾಗ ಇದೊಂದೇ.

ಬಟನ್‌ಗಳ ಕೆಳಗಿನ ರಬ್ಬರ್ ಹಾಳೆಯಲ್ಲಿ ಸಣ್ಣಗೆ ಬೂಷ್ಟು ಹಿಡಿದಿತ್ತು. ಗೋಣಿಕೊಪ್ಪದಲ್ಲಿ ಮೊಬೈಲ್ ರಿಪೇರಿ ಮಾಡುವ ಗೆಳೆಯನಿಂದ ಐಸೋಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪ ಈಸಿಕೊಂಡಿದ್ದೆ. ಮೆಡಿಕಲ್‌ನಲ್ಲಿ ಸಿಗುವ ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರೂ ಅಂಟಿನಂಥ ಪದಾರ್ಥವೂ ಇರುತ್ತವೆ. ಹತ್ತಿ ಕಡ್ಡಿ ಅದ್ದಿ ಸರ್ಕ್ಯೂಟಿನ ಮೇಲಿನ ಕಪ್ಪು ಚುಕ್ಕೆಗಳನ್ನೂ ಅನಲಾಗಿನ ಸಂಪರ್ಕಗಳನ್ನೂ ಮೆಲ್ಲಗೆ ಒರೆಸಿದೆ. ಒರೆಸಿದ ಮೇಲೂ ಬಾಣ ಸ್ವಲ್ಪ ಸರಿಯುತ್ತಿತ್ತು, ಹಾಗಾಗಿ ಅನಲಾಗನ್ನೇ ಬದಲಿಸಿದೆ. ದುಬಾರಿಯೇನಲ್ಲ, ತರಿಸಿಕೊಳ್ಳಬಹುದು.

ಕಾರ್ಡಿನ ವಿಷಯ. ಪಿಎಸ್‌ಪಿ ಕೇಳುವುದು ಮೆಮೊರಿ ಸ್ಟಿಕ್ ಪ್ರೊ ಡ್ಯುಯೊ. ಅದು ಈಗ ಅಪರೂಪ, ನಕಲಿ ಜಾಸ್ತಿ. ಮೈಕ್ರೊ ಎಸ್‌ಡಿ ಹಾಕುವ ಅಡಾಪ್ಟರ್ ಸುಲಭವಾಗಿ ಸಿಗುತ್ತದೆ. ಎರಡು ಕಾರ್ಡಿನ ಅಡಾಪ್ಟರಿಗಿಂತ ಒಂದರದ್ದೇ ನನ್ನ ಆಯ್ಕೆ. ಎರಡರದ್ದರಲ್ಲಿ ಡೇಟಾ ಎರಡೂ ಕಾರ್ಡಿಗೆ ಹಂಚಿಹೋಗುತ್ತದೆ, ಒಂದು ಕೈಕೊಟ್ಟರೆ ಎಲ್ಲವೂ ಹೋಯಿತು. 32 ಜಿಬಿ ಕಾರ್ಡನ್ನು ಕಂಪ್ಯೂಟರಿನಲ್ಲಿ ಎಚ್2ಟೆಸ್ಟ್‌ಡಬ್ಲ್ಯು ಅನ್ನುವ ಉಚಿತ ತಂತ್ರಾಂಶದಿಂದ ಪೂರ್ತಿ ತುಂಬಿಸಿ ಓದಿಸಿದೆ. ಅಸಲಿ ಅಂತ ಖಾತ್ರಿಯಾದ ಮೇಲೆ ಪಿಎಸ್‌ಪಿಯೊಳಗೇ ಫಾರ್ಮ್ಯಾಟ್ ಮಾಡಿದೆ. ಕಂಪ್ಯೂಟರಿಗೆ ಜೋಡಿಸಲು ಮಿನಿ ಯುಎಸ್‌ಬಿ ವೈರ್ ಬೇಕು. ಹಳೆಯ ಡಿಜಿಟಲ್ ಕ್ಯಾಮೆರಾದ ವೈರ್ ಮನೆಯ ಡ್ರಾಯರಿನಲ್ಲಿದ್ದರೆ ಎಸೆಯಬೇಡಿ, ಅದೇ ಹೊಂದುತ್ತದೆ.

ಜನ ಹೆದರುವುದು ಸಾಫ್ಟ್‌ವೇರ್ ಬದಲಿಸಲು. ನಿಜ ಹೇಳಬೇಕೆಂದರೆ ಅದೇ ಸುಲಭದ ಭಾಗ. ಮೊದಲು ಯಂತ್ರವನ್ನು ಸೋನಿಯದೇ ಕೊನೆಯ ಫರ್ಮ್‌ವೇರ್ (ಯಂತ್ರದ ಮೂಲ ತಂತ್ರಾಂಶ) 6.61ಕ್ಕೆ ತರಬೇಕು. ಇದಕ್ಕೆ ಚಾರ್ಜರ್ ಜೋಡಿಸಿರಬೇಕು, ಬ್ಯಾಟರಿಯಲ್ಲೂ ಸಾಕಷ್ಟು ಚಾರ್ಜ್ ಇರಬೇಕು. ಇಲ್ಲದಿದ್ದರೆ ಯಂತ್ರ ಒಪ್ಪುವುದಿಲ್ಲ. ಮಧ್ಯದಲ್ಲಿ ವಿದ್ಯುತ್ ನಿಂತರೆ ಯಂತ್ರ ಏಳದೇ ಹೋಗಬಹುದು ಅನ್ನುವುದಕ್ಕೇ ಈ ಕಟ್ಟುನಿಟ್ಟು. ಗುಡುಗು ಮಳೆಯ ದಿನ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಆಮೇಲೆ ಆರ್ಕ್-4 ಅನ್ನುವ ಕಸ್ಟಮ್ ಫರ್ಮ್‌ವೇರ್, ಅಂದರೆ ಎಮ್ಯುಲೇಟರ್‌ಗಳನ್ನೂ ಕಾರ್ಡಿಗೆ ಹಾಕಿದ ಆಟಗಳನ್ನೂ ಓಡಿಸಲು ಬಿಡುವ, ಹೊರಗಿನವರು ಮಾಡಿದ ತಂತ್ರಾಂಶ. ಅದರ ಒಂದು ಫೋಲ್ಡರನ್ನು ಪಿಎಸ್‌ಪಿ ಫೋಲ್ಡರಿನೊಳಗಿನ ಸೇವ್‌ಡೇಟಾಗೆ, ಲೋಡರ್ ಫೋಲ್ಡರನ್ನು ಗೇಮ್ ಒಳಗೆ ಹಾಕಿ, ಮೆನುವಿನಿಂದ ಲೋಡರ್ ಓಡಿಸಿದರೆ ಆಯಿತು. ಹೀಗೆ ಹಾಕಿದ್ದು ಪೂರ್ತಿ ಆಫ್ ಮಾಡಿದರೆ ಹೋಗುತ್ತದೆ, ಮತ್ತೆ ಲೋಡರ್ ಓಡಿಸಬೇಕು. ನಿದ್ದೆಗೆ ಕಳಿಸಿದರೆ ಉಳಿಯುತ್ತದೆ. ಕಾಯಂ ಆಗಿ ಕೂರಿಸುವ ದಾರಿಯೂ ಇದೆ. ಅದು ಯಂತ್ರದ ಒಳ ಮೆಮೊರಿಗೇ ಬರೆಯುವ ಕೆಲಸ, ನನಗೆ ಅದರ ಅಗತ್ಯ ಕಾಣಲಿಲ್ಲ. ಲೋಡರ್ ಒತ್ತಲು ಎಷ್ಟು ಹೊತ್ತು ಬೇಕು, ಅಲ್ವಾ?

ಆಟಗಳಿಗೆ ಬರೋಣ. ಅವುಗಳಿಗೆ ಹಕ್ಕುದಾರರಿದ್ದಾರೆ, ಹಾಗಾಗಿ ನನ್ನ ಹತ್ತಿರ ಇರುವುದನ್ನೇ ಹಾಕಿಕೊಂಡೆ. ಕಸ್ಟಮ್ ಫರ್ಮ್‌ವೇರ್ ಇದ್ದರೆ ಯುಎಂಡಿಯನ್ನು, ಅಂದರೆ ಪಿಎಸ್‌ಪಿ ಆಟದ ಪುಟ್ಟ ಡಿಸ್ಕನ್ನು, ಯಂತ್ರದಲ್ಲಿಟ್ಟು, ಮೆನುವಿನಲ್ಲಿ ಯುಎಸ್‌ಬಿ ಸಾಧನವಾಗಿ ಯುಎಂಡಿಯನ್ನು ಆರಿಸಿದರೆ ಕಂಪ್ಯೂಟರಿನಲ್ಲಿ ಅದು ಒಂದೇ ಐಎಸ್‌ಒ ಫೈಲಾಗಿ (ಡಿಸ್ಕಿನ ಪೂರ್ತಿ ನಕಲು) ಕಾಣುತ್ತದೆ. ಅದನ್ನು ಕಾರ್ಡಿನ ಐಎಸ್‌ಒ ಫೋಲ್ಡರಿಗೆ ಹಾಕಿದೆ. ಡಿಸ್ಕ್ ತಿರುಗಿಸುವ ಮೋಟರ್ ನಿಂತರೆ ಬ್ಯಾಟರಿ ಉಳಿಯುತ್ತದೆ, ಲೋಡ್ ಆಗುವುದೂ ಬೇಗ. ಪ್ಲೇಸ್ಟೇಷನ್ 1ರ ಸಿಡಿಗಳನ್ನು ಪಿಎಸ್‌ಎಕ್ಸ್2ಪಿಎಸ್‌ಪಿ ಅನ್ನುವ ತಂತ್ರಾಂಶದಿಂದ, ಪಿಎಸ್‌ಪಿ ಓಡಿಸಬಲ್ಲ ಇಬೂಟ್ ಫೈಲಾಗಿ ಬದಲಿಸಿದೆ. ಇವು ಬಹಳ ಚೆನ್ನಾಗಿ ಓಡುತ್ತವೆ, ಯಾಕೆಂದರೆ ಇವುಗಳನ್ನು ಓಡಿಸುವ ಎಮ್ಯುಲೇಟರ್ ಸೋನಿಯದೇ, ಫರ್ಮ್‌ವೇರಿನೊಳಗೇ ಇದೆ. ಪಿಎಸ್‌ಪಿಗೆ ಎಲ್2, ಆರ್2 ಬಟನ್ ಇಲ್ಲ. ಅವುಗಳನ್ನು ಅನಲಾಗಿನ ದಿಕ್ಕುಗಳಿಗೆ ಹೊಂದಿಸಿಕೊಳ್ಳಬಹುದು.

ನನಗೆ ಹೆಚ್ಚು ಪ್ರೀತಿ ಇನ್ನೂ ಹಳೆಯ ಆಟಗಳ ಮೇಲೆ. ಟಿವಿ ಗೇಮ್ ಕ್ಯಾಸೆಟ್ ಕಾಲದ ಎನ್‌ಇಎಸ್ (ನಿಂಟೆಂಡೊದ ಹಳೆಯ ಟಿವಿ ಗೇಮ್ ಯಂತ್ರ) ಆಟಗಳಿಗೆ ನೆಸ್ಟರ್‌ಜೆ, ಗೇಮ್‌ಬಾಯ್ ಅಡ್ವಾನ್ಸಿಗೆ ಜಿಪಿಎಸ್‌ಪಿ, ಸೆಗಾ ಮೆಗಾ ಡ್ರೈವಿಗೆ ಪಿಕೊಡ್ರೈವ್, ಸೂಪರ್ ನಿಂಟೆಂಡೊಗೆ ಸ್ನೆಸ್9ಎಕ್ಸ್‌ಟಿವೈಎಲ್ ಎಮ್ಯುಲೇಟರ್‌ಗಳನ್ನು ಇಟ್ಟುಕೊಂಡಿದ್ದೇನೆ. ಸೂಪರ್ ನಿಂಟೆಂಡೊದಲ್ಲಿ ಯಂತ್ರ ಏದುಸಿರು ಬಿಡುತ್ತದೆ. ಪ್ರೊಸೆಸರನ್ನು 333 ಮೆಗಾಹರ್ಟ್ಸ್‌ಗೆ ಏರಿಸಿ, ಫ್ರೇಮ್ ಸ್ಕಿಪ್ (ನಡುವಿನ ಕೆಲವು ಚಿತ್ರಗಳನ್ನು ಬಿಟ್ಟು ಓಡಿಸುವುದು) ಹಾಕಿದರೂ ಕ್ಯಾಸೆಟ್ಟಿನೊಳಗೆ ವಿಶೇಷ ಚಿಪ್ ಇದ್ದ ಆಟಗಳು ನಿಧಾನವೇ. ನಿಂಟೆಂಡೊ 64 ಆಸೆಯಿಂದ ಪಿಎಸ್‌ಪಿ ಕೊಳ್ಳಬೇಡಿ. ಎನ್‌ಇಎಸ್ ಮಾತ್ರ ಮಾಮೂಲಿ 222 ಮೆಗಾಹರ್ಟ್ಸ್‌ನಲ್ಲೇ ಸಲೀಸಾಗಿ ಓಡುತ್ತದೆ. ಬೆಳಕು ಕಡಿಮೆ ಇಟ್ಟರೆ ಬ್ಯಾಟರಿ ನಾಲ್ಕೈದು ಗಂಟೆ ಬರುತ್ತದೆ.

ಚಿತ್ರದ ಅಳತೆಯ ಮೇಲೆ ನಾನು ತುಂಬಾ ಹೊತ್ತು ಕೂತಿದ್ದೇನೆ, ಅದು ಸಾರ್ಥಕ ಕೆಲಸ. ಎನ್‌ಇಎಸ್ ಚಿತ್ರ 256×240. ಪಿಎಸ್‌ಪಿಯ 272 ಗೆರೆಗಳೊಳಗೆ ಅದು ಇದ್ದ ಹಾಗೇ ಕೂರುತ್ತದೆ. ಸುತ್ತ ಕಪ್ಪು ಅಂಚು ಉಳಿದರೂ ಒಂದೊಂದು ಚುಕ್ಕಿಯೂ ಚೂಪಾಗಿ ಕಾಣುತ್ತದೆ. ದೊಡ್ಡದು ಬೇಕಿದ್ದರೆ 363×272 ಇಡಿ, ಹಳೆಯ ಟಿವಿಯ 4:3 ಆಕಾರ ಉಳಿಯುತ್ತದೆ. ಇಡೀ ಪರದೆಗೆ ಎಳೆದರೆ ಎಲ್ಲರ ಮುಖವೂ ಅಗಲವಾಗುತ್ತದೆ, ನನಗದು ಸಹಿಸುವುದಿಲ್ಲ. ಗೇಮ್‌ಬಾಯ್ ಅಡ್ವಾನ್ಸ್ 240×160. ಅಗಲ ಸರಿಯಾಗಿ ಎರಡು ಪಟ್ಟು ಹಿಡಿಸುತ್ತದೆ, ಆದರೆ ಎತ್ತರ 320 ಆಗಿ ಹೊರಗೆ ಹೋಗುತ್ತದೆ. ಅದಕ್ಕೆ 408×272 ಇಟ್ಟು, ಅಂಚು ಮೃದುವಾಗಿಸುವ ಫಿಲ್ಟರ್ ಹಾಕಿದ್ದೇನೆ.

ಮಳೆಗಾಲದಲ್ಲಿ ಇದನ್ನು ಬೀರುವಿನಲ್ಲಿ ಸುಮ್ನೆ ಇಟ್ಟರೆ ಬಟ್ಟೆಗೆ ಹಿಡಿದ ಬೂಷ್ಟು ಇದಕ್ಕೂ ಹಿಡಿಯುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡುತ್ತೇನೆ. ತೇವ ಹೀರಿದಾಗ ಕಿತ್ತಳೆಯಿಂದ ಹಸಿರಿಗೆ ತಿರುಗುವ ಕಾಳು ಒಳ್ಳೆಯದು. ಅದನ್ನು ಒಂದು ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದರೆ ಮತ್ತೆ ಬಳಸಬಹುದು, ಆ ಬಾಣಲೆ ಅಡುಗೆಗೆ ಬೇಡ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ ಅಂತ ಯಂತ್ರವನ್ನು ಅಲ್ಲಿಡಬೇಡಿ, ಹೊಗೆಯ ಮಸಿ ಬಟನ್ ಸಂದಿಗೆ ಇಳಿಯುತ್ತದೆ. ಹೆಚ್ಚು ದಿನ ಆಡದಿದ್ದರೆ ಬ್ಯಾಟರಿಯನ್ನು ಅರ್ಧ ಚಾರ್ಜಿನಲ್ಲಿ ತೆಗೆದಿಡಿ. ಸೇವ್‌ಡೇಟಾ ಫೋಲ್ಡರನ್ನು ಆಗಾಗ ಕಂಪ್ಯೂಟರಿಗೆ ಕಾಪಿ ಮಾಡಿ.

ನನ್ನದನ್ನು ನೋಡಿ ಅಕ್ಕನ ಮಗನಿಗೂ ಈಗ ಒಂದು ಬೇಕಂತೆ. "ಮಾಮಾ, ಗೋ ಮಾದರಿ ತಗೊಳ್ಳೋಣ, ಪುಟ್ಟದಾಗಿ ಚೆನ್ನಾಗಿದೆ" ಅಂತ ಹಿಡಿದಿದ್ದ. 2009ರ ಆ ಗೋ ನೋಡಲು ನಿಜಕ್ಕೂ ಚೆಂದ, 16 ಜಿಬಿ ಒಳಗೇ ಇದೆ. ಆದರೆ ಬ್ಯಾಟರಿ ಸುಲಭವಾಗಿ ಹೊರಗೆ ಬರುವುದಿಲ್ಲ, ಕಾರ್ಡೂ ಬೇರೆ ಜಾತಿಯದು, ಯುಎಂಡಿ ಜಾಗವೇ ಇಲ್ಲ. ನಮ್ಮ ಊರಿಗೆ ಅದು ಬೇಡ ಅಂದೆ. ಈಗ ಇಬ್ಬರೂ ಇನ್ನೊಂದು 2000 ಅಥವಾ 3000 ಹುಡುಕುತ್ತಿದ್ದೇವೆ. ಫೋನಿನಲ್ಲಿ ಮಾರುವವರಿಗೆ ಮುಚ್ಚಳ ಟೈಟ್ ಇದೆಯಾ ಅಂತ ಕೇಳುವ ಕೆಲಸ ಅವನದು.